ಮಕಾವ್, ಆಕ್ಸೊಲಾಟಲ್ ಮತ್ತು ನಮ್ಮಮ್ಮನ ಬಾಯಿ

ಶನಿವಾರ ಬೆಳಿಗ್ಗೆ ತಿಂಡಿಯ ಪಾತ್ರೆ ತೊಳೆದಿಟ್ಟು, ಹಿತ್ತಲಲ್ಲಿ ಗೋಣಿತಾಟು ಹಾಸಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಹಿಂದೂಪುರಕ್ಕೆ ಸೊಸೆಯಾಗಿ ಬಂದವಳು ಹುಣಸೆಹಣ್ಣಿಗೆ ಹೆದರುವ ಹಾಗಿಲ್ಲ. ಸುಗ್ಗಿಯ ಕಾಲದಲ್ಲಿ ಮಾರುಕಟ್ಟೆಯ ಕಡೆಯಿಂದ ಗಾಳಿ ಬೀಸಿದರೆ ಸಾಕು, ಹಲ್ಲು ಜುಮ್ಮೆನ್ನುತ್ತದೆ. ಕಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಲ್ಲಿ ತಟ್ಟುವುದು, ಬೀಜ ಹಾರಿಸುವುದು, ನಾರು ಕೀಳುವುದು. ಕೈ ಮೊಣಕೈವರೆಗೂ ಅಂಟಂಟು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

ಕೈಯಲ್ಲಿ ಮುಟ್ಟುವಂತಿರಲಿಲ್ಲ. ಬಗ್ಗಿ ಮೂಗಿನ ತುದಿಯಿಂದ ಎಳೆದೆ. ದೇವರು ಮೂಗನ್ನು ಇಷ್ಟು ಉದ್ದ ಕೊಟ್ಟಿದ್ದಕ್ಕೆ ಚಿಕ್ಕವಳಿದ್ದಾಗ ಬೇಜಾರು ಮಾಡಿಕೊಳ್ಳುತ್ತಿದ್ದೆ. ಈಗ ಅದೂ ಅವನ ದಯೆಯ ಲೆಕ್ಕಕ್ಕೆ ಸೇರಿತು.

ಕಲ್ಯಾಣದುರ್ಗದಿಂದ ನನ್ನ ತಮ್ಮ ನಾಗರಾಜನ ಮಗಳು ಲಾಸ್ಯ. ಆರನೇ ಕ್ಲಾಸು.

"ಅತ್ತೆ, ಇವತ್ತು ಶನಿವಾರ ಅಂತ ನಂಗೊತ್ತು. ನೀನು ಮಾತಾಡ್ಬ್ಯಾಡ. ಕೇಳುಸ್ತಿದ್ರೆ ಒಂದ್ಸಲ ತಟ್ಟು."

ನಾನು ಸುತ್ತಿಗೆಯಿಂದ ಕಲ್ಲಿಗೆ ಒಂದು ಸಲ ಟಕ್ಕೆಂದು ತಟ್ಟಿದೆ.

"ಅವ್ವ ಮಾತಾಡ್ತು ಅತ್ತೆ. ಗೋವಿಂದ ಅಲ್ಲ. ಬ್ಯಾರೆ ಮಾತು. ತನ್ನದೇ ಮಾತು. ಇರು, ಅಪ್ಪ ಕರೀತೈತೆ, ಅವ್ವನ್ನ ಎತ್ತಿ ಕುರ್ಚಿಗೆ ಕೂರುಸ್ಬೇಕಂತೆ. ಆಮೇಲೆ ಮಾಡ್ತೀನಿ."

ಫೋನ್ ಕಟ್ಟಾಯಿತು. ಯಾವ ಮಾತು ಎಂದು ಕೇಳೋಣವೆಂದರೆ ನನ್ನ ಬಾಯಿಗೆ ಶನಿವಾರದ ಬೀಗ. ಅವಳು ಮತ್ತೆ ಫೋನ್ ಮಾಡುವತನಕ ಬೀಜ ಬಿಡಿಸುವುದೊಂದೇ ದಾರಿ. ನೀವೂ ಒಂದು ಮಣೆ ಎಳೆದುಕೊಂಡು ಕುಳಿತರೆ ನಡೆದದ್ದನ್ನು ಮನಸ್ಸಿನಲ್ಲೇ ಹೇಳುತ್ತೇನೆ.

ಲಾಸ್ಯ ಅವ್ವ ಎನ್ನುವುದು ಅವಳ ಅಜ್ಜಿಗೆ, ಅಂದರೆ ನಮ್ಮಮ್ಮನಿಗೆ. ನಮ್ಮಮ್ಮ ಎಂದರೆ ಮಾತು. ತೆಲುಗಿನವರು ಬಾಯಿ ಬಿಡುವಿಲ್ಲದೆ ಮಾತಾಡುವವರನ್ನು ವಸಪಿಟ್ಟ ಎನ್ನುತ್ತಾರೆ. ವಸ ಎಂದರೆ ನಮ್ಮ ಬಜೆ. ಕೂಸಿಗೆ ಮಾತು ಚೆನ್ನಾಗಿ ಬರಲೆಂದು ಬಜೆಬೇರು ತೇಯ್ದು ನಾಲಿಗೆಗೆ ಸವರುತ್ತೇವಲ್ಲ, ಅದನ್ನು ಜಾಸ್ತಿ ತಿಂದ ಹಕ್ಕಿ ಎಂದು ಅರ್ಥ. ಅಮ್ಮನಿಗೆ ಬೀದಿಯಲ್ಲಿ ಅದೇ ಹೆಸರು. ಅಮ್ಮನಿಗೆ ಅದರಿಂದ ಸಿಟ್ಟೇನೂ ಇರಲಿಲ್ಲ. "ನಾನು ತಿಂದದ್ದು ನಮ್ಮವ್ವ ತೇಯ್ದ ಬಜೆ, ನಿಮ್ಮನೇದಲ್ಲ" ಎಂದು ತಿರುಗಿಸಿ ಕೊಡುತ್ತಿದ್ದಳು.

ಅವಳದು ಮಗ್ಗದ ಮನೆಯ ಗಂಟಲು. ಮಗ್ಗ ಆಡುತ್ತಿರುವಾಗ ಪಕ್ಕದಲ್ಲಿದ್ದವರಿಗೂ ಕೂಗಿಯೇ ಹೇಳಬೇಕು. ಕೂಗಿ ಕೂಗಿ ಮಗ್ಗ ನಿಂತ ಮೇಲೂ ಗಂಟಲು ನಿಲ್ಲುವುದಿಲ್ಲ. ನಾವು ಚಿಕ್ಕವರಿದ್ದಾಗ ಸ್ಕೂಲು ಬಿಟ್ಟು ಬೀದಿಯ ತಿರುವಿಗೆ ಬರುತ್ತಿದ್ದಂತೆಯೇ ಇವತ್ತು ಮನೆಯಲ್ಲಿ ಏನು ನಡೆಯಿತು, ಯಾರು ಬಂದು ಹೋದರು, ರಾತ್ರಿಗೆ ಏನು ಅಡುಗೆ ಎಲ್ಲವೂ ತಿಳಿದುಬಿಡುತ್ತಿತ್ತು. ಮನೆಗೆ ಹೋಗುವುದು ಊಟಕ್ಕೆ ಮಾತ್ರ.

ನಾನು ಮದುವೆಯಾಗಿ ಬಂದ ಮೇಲೆ, ಮನೆಗೆ ಫೋನ್ ಬಂದಂದಿನಿಂದ, ಬೆಳಿಗ್ಗೆ ಅಮ್ಮನ ಫೋನ್ ತಪ್ಪಿದ್ದಿಲ್ಲ. ಚೆನ್ನಾಗಿದ್ದೀಯಾ, ಗಂಡ ಚೆನ್ನಾಗಿದ್ದಾನಾ ಇಂಥದ್ದೆಲ್ಲ ಅವಳಿಗೆ ಬೇಡ. "ಏನಮ್ಮ ಸಾರು?" ಅಷ್ಟೇ. ನಾನು ಹೇಳುವ ಸಾರಿನಿಂದ ಅವಳು ಮಿಕ್ಕಿದ್ದನ್ನೆಲ್ಲ ತಿಳಿದುಕೊಳ್ಳುತ್ತಿದ್ದಳು. ಹುಳಿಸೊಪ್ಪು ಎಂದರೆ ಸುಖವಾಗಿದ್ದೇನೆ. ಬರೀ ತಿಳಿಸಾರು ಎಂದರೆ ಮೈ ಸರಿಯಿಲ್ಲ. ಇನ್ನೂ ಇಟ್ಟಿಲ್ಲ ಎಂದರೆ ಗಂಡನ ಜೊತೆ ಜಗಳವಾಗಿದೆ. ಒಂದು ಸಲವೂ ಅವಳ ಲೆಕ್ಕ ತಪ್ಪಿದ್ದು ನನಗೆ ನೆನಪಿಲ್ಲ.

ಆ ಫೋನ್ ನಿಂತದ್ದು ಹೋದ ಶ್ರಾವಣದಲ್ಲಿ. ಹೂವು ಕಟ್ಟುತ್ತಾ ಕುಳಿತಿದ್ದವಳು ಒಂದು ಪಕ್ಕಕ್ಕೆ ವಾಲಿದಳಂತೆ. ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ಸೇರಿಸಿದರು, ಅದು ಮೊದಲನೇ ದಯೆ. ಕಾಲು ಉಳಿಯಿತು, ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಹಾಕುತ್ತಾಳೆ, ಎರಡನೇದು. ನಮ್ಮನ್ನೆಲ್ಲ ಗುರುತು ಹಿಡಿಯುತ್ತಾಳೆ, ನಾವು ಹೇಳಿದ್ದು ತಿಳಿಯುತ್ತದೆ, ಅದು ಎಲ್ಲಕ್ಕಿಂತ ದೊಡ್ಡದು. ಆದರೆ ಬಲಗೈ ಮಲಗಿತು. ಮಾತು ಹೋಯಿತು.

ಡಾಕ್ಟರು ತೆಲುಗಿನಲ್ಲಿ ಬಿಡಿಸಿ ಹೇಳಿದರು. ತಲೆಯೊಳಗೆ ಕೆಟ್ಟ ಜಾಗ ಕೆಟ್ಟಿತು, ಅದು ಮತ್ತೆ ಬೆಳೆಯುವುದಿಲ್ಲ. ಆದರೆ ಅಕ್ಕಪಕ್ಕದ ಜಾಗ ಆ ಕೆಲಸ ಕಲಿಯಬಹುದು. ಕಲಿತರೂ ಕಲಿಯಬಹುದು, ಇಲ್ಲದಿದ್ದರೂ ಇಲ್ಲ. ದಿನಾ ಮಾತಾಡಿಸಿ. ಚಿತ್ರ ತೋರಿಸಿ ಹೆಸರು ಹೇಳಿಸಿ.

ನಾಗರಾಜ ಅಂಗಡಿಯಿಂದ ಮಕ್ಕಳ ಚಾರ್ಟು ತಂದು ಗೋಡೆಗೆ ಹಾಕಿದ. ಲೋಟ, ಬಾಚಣಿಗೆ, ಹಸು, ಗಡಿಯಾರ. ಬೆಳಿಗ್ಗೆ ಮಗ್ಗಕ್ಕೆ ಕೂರುವ ಮುಂಚೆ ಕಡ್ಡಿ ಹಿಡಿದು ನಿಲ್ಲುತ್ತಿದ್ದ. "ಅಮ್ಮ, ಇದೇನು? ಹ. ಹಸು. ಹೇಳಮ್ಮ, ಹಸು." ಸೀರೆಗೆ ಅರ್ಧ ಬೆಲೆ ಕೇಳುವ ಗಿರಾಕಿಯನ್ನು ನೋಡುವ ಹಾಗೆ ಅಮ್ಮ ಅವನನ್ನು ನೋಡಿ ಮುಖ ಆ ಕಡೆ ತಿರುಗಿಸುತ್ತಿದ್ದಳು.

ನಾನೂ ಸುಮ್ಮನಿರಲಿಲ್ಲ. ಬಸ್ಸಿನಲ್ಲಿ ಈಗ ಹೆಂಗಸರಿಗೆ ದುಡ್ಡಿಲ್ಲ, ಅದೂ ಒಂದು ದಯೆಯೇ. ಸೆರಗಿನ ಗಂಟಿನಲ್ಲಿ ಬಜೆಬೇರು ಕಟ್ಟಿಕೊಂಡು ಹೋದೆ. ರೊದ್ದಂ ದಾಟುವವರೆಗೂ ಅದರ ಘಾಟಿಗೆ ಪಕ್ಕದ ಸೀಟಿನವಳು ಮೂಗು ಮುಚ್ಚಿಕೊಂಡಿದ್ದಳು. ಕಲ್ಯಾಣದುರ್ಗದಲ್ಲಿ ಇಳಿದು, ಮನೆಗೆ ಹೋಗಿ, ಯಾರಿಗೂ ಹೇಳದೆ ಜೇನುತುಪ್ಪದಲ್ಲಿ ತೇಯ್ದು ಅಮ್ಮನ ನಾಲಿಗೆಗೆ ಸವರಿದೆ. ಕೂಸಿಗೆ ಮಾತು ತರಿಸುವ ಬೇರು ಅಮ್ಮನಿಗೆ ತರಿಸದೇ ಎಂಬ ನನ್ನ ಬುದ್ಧಿ. ಅಮ್ಮ ಮುಖ ಕಿವುಚಿ ಅಷ್ಟನ್ನೂ ನನ್ನ ಹೊಸ ಸೀರೆಯ ಮೇಲೆ ಉಗಿದಳು.

ನಾಗರಾಜನ ಹೆಂಡತಿ ರತ್ನ ಒಳಗಿನಿಂದ ಓಡಿ ಬಂದಳು. "ಅತ್ತಿಗೆ, ನಮ್ಮನ್ ಕೇಳ್ದೆ ಬಾಯಿಗೇನೂ ಹಾಕ್ಬ್ಯಾಡಿ ಅಂತ ಡಾಕ್ಟ್ರು ಅಂದವ್ರೆ. ಗಂಟ್ಲಿಗೆ ಹೋಗ್ಬುಟ್ರೆ ಏನ್ ಗತಿ?"

ನಾಗರಾಜ ಮಗ್ಗದಿಂದಲೇ ಕೂಗಿದ. "ಅಕ್ಕ, ಅಮ್ಮಂಗೆ ಹುಟ್ಟಿದಾಗ್ಲೇ ಎಲ್ರಿಗಿಂತ ಎರಡು ಪಾಲು ತೇಯ್ದವ್ರೆ. ನೀನು ಮೂರ್ನೇ ಪಾಲು ಹಾಕ್ಬ್ಯಾಡ ಕಣಕ್ಕ. ಮಾತು ಬಂದ್ಮೇಲೆ ತಡ್ಕೊಳೋರ್ಯಾರು?"

ಅಮ್ಮ ನಕ್ಕಳು. ಸದ್ದಿಲ್ಲದ ನಗು, ಬಾಯಿಯ ಒಂದೇ ಕೊನೆಯಲ್ಲಿ. ಆ ನಗು ನೋಡಿ ನಾನು ಬಚ್ಚಲಿಗೆ ಹೋಗಿ ಸೀರೆ ತೊಳೆಯುವ ನೆಪದಲ್ಲಿ ಅತ್ತುಕೊಂಡು ಬಂದೆ.

ವಾಪಸು ಬಂದವಳು ದೇವರ ಮುಂದೆ ಹರಕೆ ಹೊತ್ತೆ. ನಮ್ಮಮ್ಮನ ಬಾಯಲ್ಲಿ ಅವಳದೇ ಮಾತು ಬರುವವರೆಗೂ ಶನಿವಾರ ಬೆಳಗಿನಿಂದ ದೀಪ ಹಚ್ಚುವವರೆಗೆ ನಾನು ಮಾತಾಡುವುದಿಲ್ಲ. ನನ್ನ ಮಾತಿನಲ್ಲಿ ಅಷ್ಟನ್ನು ತೆಗೆದು ಅವಳಿಗೆ ಕೊಡು ಸ್ವಾಮಿ. ಕೊಡುವುದಕ್ಕೆ ನನ್ನ ಹತ್ತಿರ ಬೇಕಾದಷ್ಟಿದೆ, ನಾನೂ ಅವಳ ಮಗಳೇ. ನಮ್ಮ ಯಜಮಾನರು ವಿಷಯ ತಿಳಿದು ದೇವರಿಗೆ ಕೈಮುಗಿದು, "ಬರೀ ಶನಿವಾರನಾ? ಬುಧವಾರ ಯಾವ ದೇವ್ರೂ ಕೇಳಿಲ್ವಾ?" ಎಂದರು. ಆವತ್ತು ಶುಕ್ರವಾರ. ಉತ್ತರ ಕೊಡಲು ಹೊತ್ತಿತ್ತು, ಕೊಟ್ಟೆ.

ಇದರ ನಡುವೆ ಬಂದದ್ದು ಲಾಸ್ಯಳ ಸ್ಕೂಲಿನ ಕೆಲಸ. ಎರಡು ಪ್ರಾಣಿಗಳನ್ನು ಹೋಲಿಸಿ ಬರೆದು, ಮುಂದಿನ ತಿಂಗಳು ಕ್ಲಾಸಿನಲ್ಲಿ ಓದಬೇಕಂತೆ. ಮಿಕ್ಕ ಮಕ್ಕಳು ಹಸುವೋ ಎಮ್ಮೆಯೋ ಹುಲಿಯೋ ಸಿಂಹವೋ ತೆಗೆದುಕೊಂಡರು. ನಮ್ಮ ಹುಡುಗಿ ಒಂದು ನೀರಿನಿಂದ ತಂದಳು, ಇನ್ನೊಂದು ಮರದ ಮೇಲಿನಿಂದ.

ನಾನು ಮತ್ತೆ ತವರಿಗೆ ಹೋಗಿದ್ದಾಗ ಫೋನಿನಲ್ಲಿ ಚಿತ್ರ ತೋರಿಸಿದಳು. ಮೊದಲನೆಯದು ತಿಳಿ ಗುಲಾಬಿ ಬಣ್ಣದ ಮೈ, ನಾಲ್ಕು ಪುಟ್ಟ ಕಾಲು, ಉದ್ದ ಬಾಲ, ಕತ್ತಿನ ಎರಡೂ ಕಡೆ ಕುಚ್ಚಿನ ಹಾಗೆ ಏನೋ. ಹಲ್ಲಿಯಂತೆ ಕಂಡಿತು. ನಾನು ತಟ್ಟನೆ ಕೇಳಿದೆ, "ಇದು ಎಡಗಡೆ ಬಿದ್ರೆ ಏನಂತೆ, ಬಲಗಡೆ ಬಿದ್ರೆ ಏನಂತೆ?"

"ಅಯ್ಯೋ ಅತ್ತೆ, ಹಲ್ಲಿ ಅಲ್ಲ. ಆಕ್ಸೊಲಾಟಲ್ ಅಂತ. ಕಪ್ಪೆ ಕಡೆ ನೆಂಟ್ರು. ನೀರಲ್ಲೇ ಇರೋದು, ಯಾರ ಮೇಲೂ ಬೀಳಲ್ಲ."

"ಅವರಮ್ಮ ಕುಚ್ಚು ಕಟ್ಟಿ ಕಳಿಸವ್ಳೆ ನೋಡು," ಎಂದಳು ರತ್ನ. "ಬಣ್ಣ ಮಾತ್ರ ಕೊಳೆ ಬೇಗ ತೋರ್ತದೆ."

ಆ ಕುಚ್ಚೇ ಅದರ ಉಸಿರಾಟವಂತೆ. ಮೀನಿನ ಕಿವಿರು ಒಳಗಿದ್ದರೆ ಇದರದು ಹೊರಗೆ. ದೂರದ ಮೆಕ್ಸಿಕೊ ದೇಶದ ಒಂದು ಕೆರೆಯಲ್ಲಿ ಇದರ ತವರು. ಅಲ್ಲಿ ಮೈಬಣ್ಣ ಕಪ್ಪು ಕಪ್ಪು, ಗಾಜಿನ ತೊಟ್ಟಿಯಲ್ಲಿ ಸಾಕಿದ್ದು ಹೀಗೆ ಗುಲಾಬಿ. ಕೆರೆಯಲ್ಲಿ ಈಗ ಬಹಳ ಕಮ್ಮಿ ಉಳಿದಿವೆಯಂತೆ. ದೊಡ್ಡದಾದರೂ ಇದು ದೊಡ್ಡದಾಗುವುದಿಲ್ಲ, ಸಾಯುವವರೆಗೂ ಮರಿಯ ಹಾಗೇ ಇರುತ್ತದೆ ಎಂದಾಗ ನನಗೆ ನಮ್ಮ ಯಜಮಾನರ ನೆನಪಾಯಿತು. ಬಾಯಿಯ ಆಕಾರವೇ ನಗುವ ಹಾಗೆ. ಆದರೆ ಗಂಟಲಿಂದ ಮಾತಿಲ್ಲ, ಕೂಗಿಲ್ಲ.

ಎರಡನೆಯದು ಮಕಾವ್. ಗಿಳಿಯ ಜಾತಿ, ಆದರೆ ನಮ್ಮ ಗಿಳಿ ಅದರ ಮುಂದೆ ಗುಬ್ಬಚ್ಚಿ. ಬೆನ್ನೆಲ್ಲ ನೀಲಿ, ಎದೆಯೆಲ್ಲ ಅರಿಶಿನ. ನಾಗರಾಜ ಮಗ್ಗ ನಿಲ್ಲಿಸಿ ಬಂದು ನೋಡಿ, "ನೀಲಿ ಒಡಲು, ಹಳದಿ ಅಂಚು. ಇದನ್ನ ಯಾರೋ ನಮ್ಮೋರೇ ನೇಯ್ದವ್ರೆ," ಎಂದು ಹೋದ. ಕಾಡಿನ ಈ ಕಡೆ ಕೂಗಿದರೆ ಆ ಕಡೆಗೆ ಕೇಳುವಂಥ ಗಂಟಲು. ಹೇಳಿಕೊಟ್ಟರೆ ಮನುಷ್ಯರ ಮಾತು ಆಡುತ್ತದೆ. ಒಂದೇ ಗಂಡ, ಒಂದೇ ಹೆಂಡತಿ, ಬಾಳಿದಷ್ಟು ದಿನ ಜೋಡಿಯಾಗಿ ಹಾರುತ್ತವೆ. ಹಿಂಡು ಹಿಂಡಾಗಿ ನದಿಯ ದಡಕ್ಕೆ ಬಂದು ಮಣ್ಣು ತಿನ್ನುತ್ತವಂತೆ.

ಮಣ್ಣು ಎಂದಕೂಡಲೇ ನನಗೆ ಆ ಹಕ್ಕಿ ತೀರಾ ನಮ್ಮ ಮನೆಯದೆನಿಸಿತು. ಚಿಕ್ಕವಳಿದ್ದಾಗ ನಾನು ಮೊದಲ ಮಳೆಗೆ ನೆಂದ ಗೋಡೆಯ ಮೂಲೆ ಕೆರೆದು ತಿನ್ನುತ್ತಿದ್ದೆ. ಬಳಪ ಬರೆದದ್ದಕ್ಕಿಂತ ತಿಂದದ್ದು ಹೆಚ್ಚು. ಅಮ್ಮ ಹಿಡಿದಾಗಲೆಲ್ಲ ಬಾಯೊಳಗೆ ಬೆರಳು ಹಾಕಿ ತೆಗೆಸಿ, ಬೀದಿಗೆಲ್ಲ ಕೇಳುವ ಹಾಗೆ, "ನಮ್ಮನೇಲಿ ಅನ್ನ ಇಲ್ಲ ಅನ್ಕಂತಾರೆ ಕಣೆ ಜನ" ಎಂದು ಬೈಯುತ್ತಿದ್ದಳು. ಹಾಗೆ ಬೈದದ್ದರಿಂದಲೇ ಜನಕ್ಕೆ ವಿಷಯ ಗೊತ್ತಾಗುತ್ತಿತ್ತು ಎಂಬುದು ಅವಳಿಗೆ ಹೊಳೆಯುತ್ತಿರಲಿಲ್ಲ.

ಹಾಗಾಗಿ ನಾನು ಮಕಾವ್ ಪಕ್ಷ. ಅದು ಅಮ್ಮನೇ. ಗಂಟಲು, ಬಣ್ಣ ಎಲ್ಲವೂ. ಆದರೆ ಲಾಸ್ಯ ಆಕ್ಸೊಲಾಟಲ್‌ನದು ಇನ್ನೊಂದು ವಿಷಯ ಹೇಳಿದಳು.

"ಅದರ ಕಾಲು ತುಂಡಾದ್ರೆ ಮತ್ತೆ ಬೆಳೀತದೆ ಅತ್ತೆ. ಹಲ್ಲಿಗೆ ಬಾಲ ಬತ್ತದಲ್ಲ, ಹಂಗಲ್ಲ. ಮೂಳೆ, ಬೆರಳು ಎಲ್ಲ. ಮೊದ್ಲು ತುಂಡಾದ ತಾವ ಗಂಟಿನಂಗೆ ಒಂದು ಮೊಗ್ಗು ಬತ್ತದಂತೆ. ಆಮೇಲೆ ಅದ್ರಿಂದ."

"ತಲೆ ಒಳಗಿಂದು?"

ಅವಳು ನನ್ನ ಮುಖ ನೋಡಿದಳು. ಜಾಣೆ. ನಾನು ಯಾಕೆ ಕೇಳಿದೆ ಎಂದು ತಿಳಿಯಿತು.

"ಅದೂ ಸ್ವಲ್ಪ ಬೆಳೀತದಂತೆ."

"ಮನುಷ್ಯರಿಗೆ?"

"ಇಲ್ಲ ಅತ್ತೆ."

ಗೋಡೆಗೊರಗಿ ಕುಳಿತಿದ್ದ ಅಮ್ಮ ಆ ಚಿತ್ರವನ್ನೇ ನೋಡುತ್ತಿದ್ದಳು. ಅದರ ಬಾಯಿಯ ನಗುವೂ ಅವಳ ಬಾಯಿಯ ಕೊನೆಯ ನಗುವೂ ಒಂದೇ ಥರ ಇತ್ತು. ಮಕಾವಾಗಿದ್ದವಳನ್ನು ದೇವರು ಈ ನೀರಿನ ಮೂಕ ಪ್ರಾಣಿ ಮಾಡಿದನಲ್ಲ. ಆದರೆ ಮಾಡಿದ್ದೇ ಮಾಡಿದೆ, ಆ ಮೊಗ್ಗನ್ನೂ ಕೊಡು ಸ್ವಾಮಿ ಎಂದು ಕೇಳಿಕೊಂಡೆ.

ಮಾರನೇ ದಿನ ನಾಗರಾಜನ ಮಗ್ಗದ ಹಾಸು ಮುಗಿಯಿತು. ಮಗ್ಗದ ಕೆಲಸ ನೋಡಿರದವರಿಗೆ ಒಂದು ಮಾತು ಹೇಳಬೇಕು. ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆ, ಮುಗಿದಾಗ ಹಳೆಯ ಎಳೆಗಳನ್ನು ಪೂರ್ತಿ ಕಿತ್ತು ಬಿಸಾಡುವುದಿಲ್ಲ. ಅವುಗಳ ತುದಿ ಮಗ್ಗದಲ್ಲೇ ಇರುತ್ತದೆ. ಆ ಒಂದೊಂದು ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಲ್ಲಿ ಹೊಸೆದು ಕೂಡಿಸಬೇಕು. ಕೆಚ್ಚುವುದು ಎನ್ನುತ್ತೇವೆ. ಸಾವಿರಾರು ಎಳೆ, ತಲೆಗೂದಲಿನಂಥವು. ಬೆರಳು ಜಾರದಿರಲೆಂದು ಬೂದಿ ಹಚ್ಚಿಕೊಳ್ಳುತ್ತಾರೆ. ಅದು ಹೆಂಗಸರ ಕೆಲಸ, ನಮ್ಮ ಬೀದಿಯಲ್ಲಿ ಅಮ್ಮನ ಕೆಲಸ. ಅವಳು ದೇವರ ಮನೆಯ ವಿಭೂತಿಯನ್ನೇ ಬೆರಳಿಗೆ ಮುಟ್ಟಿಸಿ, ಎಳೆಗೊಂದು ಗೋವಿಂದ ಎನ್ನುತ್ತಾ ಕೆಚ್ಚುತ್ತಿದ್ದಳು. ಬೆರಳಿನಲ್ಲಿ ಶಿವ, ಬಾಯಲ್ಲಿ ವಿಷ್ಣು. ಅವರಿಬ್ಬರಿಗೂ ನಮ್ಮ ಮನೆಯಲ್ಲಿ ಜಗಳವಿಲ್ಲ.

ರತ್ನಳಿಗೆ ಈ ಕೆಲಸ ಹೊಸದು. ಎಳೆ ಬಿಚ್ಚಿಕೊಳ್ಳುತ್ತಿದ್ದವು. ಹಿಂದೆ ಕುರ್ಚಿಯಲ್ಲಿ ಅಮ್ಮ ಕುಳಿತು ಸಿಡಿಮಿಡಿಗೊಳ್ಳುತ್ತಿದ್ದುದು ಬೆನ್ನಿಗೇ ತಿಳಿಯುತ್ತಿತ್ತು. ನಾನು ವಿಭೂತಿ ಮುಟ್ಟಿ ರತ್ನಳ ಪಕ್ಕ ಕುಳಿತೆ. ಚಿಕ್ಕಂದಿನಿಂದ ಕೇಳಿದ ಅಭ್ಯಾಸ, ನನಗರಿವಿಲ್ಲದೆ ಶುರುವಾಯಿತು. ಗೋವಿಂದ. ಇನ್ನೊಂದು ಎಳೆ. ಗೋವಿಂದ.

ಸ್ವಲ್ಪ ಹೊತ್ತಿಗೆ ಹಿಂದಿನಿಂದ, ತುಕ್ಕು ಹಿಡಿದ ಬಾಗಿಲು ಸರಿದ ಹಾಗೆ, "...ವಿಂದ" ಎಂದಿತು.

ನಾನು ತಿರುಗಲು ಹೋದೆ.

"ಅತ್ತಿಗೆ, ತಿರುಗ್ಬ್ಯಾಡ," ರತ್ನ ಪಿಸುಗುಟ್ಟಿದಳು. "ಕೆಚ್ತಾ ಇರು."

ಕಿಟಕಿಯ ಮೇಲೆ ಬಂದು ಕುಳಿತ ಹಕ್ಕಿ ಹಾರಿಹೋದೀತು ಎನ್ನುವ ಹಾಗೆ ನಾವಿಬ್ಬರೂ ಬೆನ್ನು ಅಲ್ಲಾಡಿಸದೆ ಕೆಚ್ಚಿದೆವು. ಎಳೆಗೊಂದು ಗೋವಿಂದ, ಹಿಂದಿನಿಂದಲೂ ಎಳೆಗೊಂದು. ಮಧ್ಯಾಹ್ನದ ಊಟದ ಹೊತ್ತಿಗೆ ಪೂರ್ತಿ ಗೋವಿಂದನೇ ಬಂದಿದ್ದ.

ನಾಗರಾಜ ಕುಣಿಯುವುದೊಂದು ಬಾಕಿ. ಡಾಕ್ಟರಿಗೆ ಫೋನ್ ಮಾಡಿದ. ಅವರು ಒಳ್ಳೆಯದೇ ಎಂದರು, ಆದರೆ ಕಡಿವಾಣವನ್ನೂ ಹಾಕಿದರು. ಬಾಯಿಪಾಠವಾದದ್ದು, ಹಾಡು, ದೇವರ ಹೆಸರು, ಇವೆಲ್ಲ ಬೇರೆ ಕಡೆಯಿಂದ ಬರುತ್ತವೆ. ಯೋಚನೆ ಮಾಡಿ ಆಡುವ ಸ್ವಂತ ಮಾತು ಬೇರೆ. ಅದು ಬಂದರೆ ನೋಡೋಣ. ಅಂದಿನಿಂದ ಅಮ್ಮ ಹಸಿವಾದರೂ ಗೋವಿಂದ, ನೀರು ಬೇಕಾದರೂ ಗೋವಿಂದ. ನಾಗರಾಜ ಒಂದು ದಿನ ಸಪ್ಪಗೆ, "ಗಿಳಿ ಥರ ಆಗ್ಬುಟ್ಳು ಕಣಕ್ಕ" ಎಂದ. ಅವನ ತಪ್ಪಿಲ್ಲ. ನಾನು ಮಾತ್ರ ಶನಿವಾರಗಳನ್ನು ಬಿಡಲಿಲ್ಲ. ಹರಕೆಯಲ್ಲಿ ನಾನು ಹೇಳಿದ್ದೂ ಅವಳದೇ ಮಾತು ಎಂದು. ಗೋವಿಂದ ಬಂದದ್ದು ಗೋವಿಂದನ ಬಾಬ್ತು ಎಂದುಕೊಂಡೆ.

ಇಷ್ಟು ಹೇಳುವಷ್ಟರಲ್ಲಿ ಬುಟ್ಟಿಯ ಅರ್ಧ ಹಣ್ಣು ಮುಗಿದಿತ್ತು. ಫೋನ್ ಬಂತು. ಮತ್ತೆ ಮೂಗು.

"ಅತ್ತೆ, ಇದೀಯಾ?"

ಟಕ್.

"ಸೋಮವಾರ ಓದೋದನ್ನ ಅವ್ವಂಗೆ ಓದಿ ತೋರುಸ್ತಿದ್ದೆ. ತೆಲುಗಲ್ಲಿ ಬರ್ದಿದ್ನಲ್ಲ, ಕನ್ನಡ ಮಾಡಿ ಹೇಳ್ತಿದ್ದೆ. ಆಕ್ಸೊಲಾಟಲ್ ಮಾತಾಡಲ್ಲ, ಆದ್ರೆ ತನ್ನನ್ನ ತಾನೇ ಹೊಸದು ಮಾಡ್ಕಂತದೆ. ಮಕಾವ್ ಮಾತಾಡ್ತದೆ, ಆದ್ರೆ ಹೇಳಿದ್ದನ್ನೇ ಹೇಳ್ತದೆ, ಅರ್ಥ ಗೊತ್ತಿಲ್ಲ. ಅದ್ಕೆ ಆಕ್ಸೊಲಾಟಲ್ಲೇ ದೊಡ್ದು. ಹಿಂಗಂದೆ. ಅವ್ವ ಸುಳ್ಳು ಅಂತು."

ನಾನು ಫೋನಿನ ಹತ್ತಿರಕ್ಕೆ ಸರಿದೆ.

"ಸುಳ್ಳು ಅಂತ ಅತ್ತೆ. ಯಾವ್ದವ್ವ ಸುಳ್ಳು ಅಂದೆ. ಎಡಗೈಲಿ ನಾನು ಅಂಟ್ಸಿದ್ದ ಮಕಾವ್ ಚಿತ್ರ ಕುಟ್ಟಿ ಕುಟ್ಟಿ ಇನ್ನೊಂದ್ಸಲ ಸುಳ್ಳು ಅಂತು. ಕ್ವಾಪದಲ್ಲಿ. ಅಮ್ಮ ಹಿಟ್ಟಿನ ಕೈಲೇ ಓಡಿ ಬಂತು. ಅಪ್ಪ ಅಳ್ತೈತೆ, ಧೂಳು ಬಿತ್ತು ಅಂತೈತೆ. ನಾನು ಆ ಸಾಲು ಹೊಡ್ದಾಕ್ಬುಟ್ಟೆ. ಮಕಾವಿಗೆ ಅರ್ಥ ಗೊತ್ತೋ ಇಲ್ವೋ ನಮಗೆ ಗೊತ್ತಿಲ್ಲ ಅಂತ ಬರ್ದೆ. ಸರಿ ಅಲ್ವಾ?"

ಟಕ್.

ನಮ್ಮಮ್ಮನ ಮಾತು ತಿರುಗಿ ಬಂದರೆ ಮೊದಲು ಏನು ಹೇಳಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೆ. ಮಗನ ಹೆಸರು, ಇಲ್ಲವೇ ಮೊಮ್ಮಗಳದು. ಅವಳು ಜಗಳಕ್ಕೆ ಬಂದಿದ್ದಳು. ಇಷ್ಟು ದಿನ ಅವಳ ಗೋವಿಂದನನ್ನು ನಾವು ಬರೀ ಸದ್ದು ಎಂದುಕೊಂಡದ್ದು ಅವಳಿಗೆ ತಿಳಿದಿತ್ತು. ನೀರು ಬೇಕೆಂದು ಗೋವಿಂದ ಎಂದಾಗ ಅವಳು ಕೇಳಿದ್ದು ನೀರನ್ನೇ. ನಮಗೆ ಹೇಳುವುದಕ್ಕೆ ಅವಳ ಹತ್ತಿರ ಇದ್ದದ್ದು ಆ ಒಂದೇ ಮಾತು. ಎಲ್ಲ ಕೆಲಸವನ್ನೂ ಅದರಲ್ಲೇ ಮಾಡಿದ್ದಳು.

"ತಗೋ, ಅವ್ವಂಗೆ ಕೊಡ್ತೀನಿ," ಎಂದಳು ಲಾಸ್ಯ.

ಆ ಕಡೆ ಉಸಿರು ಕೇಳಿತು. ರತ್ನ ಯಾರನ್ನೋ ಸುಮ್ಮನಿರಿ ಎಂದದ್ದು ಕೇಳಿತು. ನಾನು ಫೋನಿಗೆ ಕಿವಿ ಹಚ್ಚಿ ಬಗ್ಗಿ ಕುಳಿತೆ.

"ಏ..." ಎಂದಳು ಅಮ್ಮ. ಎಳೆ ಸಿಗದಾಗ ಬೆರಳು ತಡವರಿಸುವ ಹಾಗೆ ಉಸಿರು ತಡವರಿಸಿತು. "ಏನ... ಸಾ..."

ನಾನು ಹೇಳಿಕೊಡಲಿಲ್ಲ. ಬಾಯಿಗೆ ಬೀಗವಿತ್ತು, ಅದು ಒಳ್ಳೆಯದೇ ಆಯಿತು.

"ಸಾರು."

ಟಕ್ ಎಂದು ತಟ್ಟಿದೆ. ಬೇರೇನು ಮಾಡಲಿ.

"ಅತ್ತೆ, ತಟ್ಟಿದ್ರೆ ಯಾವ ಸಾರು ಅಂತ ಅವ್ವಂಗೆ ಹೆಂಗೆ ಗೊತ್ತಾಯ್ತದೆ?" ಎಂದಳು ಲಾಸ್ಯ.

ದೀಪ ಹಚ್ಚುವ ಹೊತ್ತು ಇನ್ನೂ ದೂರವಿತ್ತು. ಆದರೆ ಅವಳದೇ ಮಾತು ಬರುವವರೆಗೂ ಎಂದಲ್ಲವೇ ನಾನು ಕೇಳಿಕೊಂಡದ್ದು. ಬಂದಿತ್ತು. ನನ್ನ ಮಾತು ನನಗೆ ವಾಪಸು ಬಂದದ್ದೂ ಅವನೇ ಕೊಟ್ಟದ್ದು. ಬೆಳಗಿನಿಂದ ಮುಚ್ಚಿದ್ದ ಗಂಟಲು ಬಿಡಿಸಿಕೊಂಡು ಹೇಳಿದೆ.

"ಇನ್ನೂ ಇಟ್ಟಿಲ್ಲ ಕಣಮ್ಮ. ಹುಣ್ಸೇಹಣ್ಣು ಬಿಡುಸ್ತಾ ಕೂತ್ಬುಟ್ಟೆ."

ಆ ಕಡೆಯಿಂದ "ಹುಂ" ಎಂದು ಬಂತು. ಇಷ್ಟು ಹೊತ್ತಾದರೂ ಸಾರಿಡದ ಹೆಂಗಸಿಗೆ ಕೊಡುವ ಹಳೆಯ ಹುಂ, ಒಂದು ಚೂರೂ ಸವೆದಿರಲಿಲ್ಲ. ನಾನು ಗಂಡನ ಜೊತೆ ಜಗಳವಾಡಿದ್ದೇನೆ ಎಂದು ಅವಳು ತಿಳಿದುಕೊಂಡಿದ್ದಳು. ಆಡಿಲ್ಲ ಎಂದು ಹೇಳುವುದಕ್ಕೆ ನಾಳೆ ಬೆಳಗಿನ ಫೋನ್ ಇದೆಯಲ್ಲ.

ಕೈ ತೊಳೆದು, ಸೀರೆಗೆ ಒರೆಸಿಕೊಂಡು ಎದ್ದೆ. ಬಿಡಿಸಿದ ಹೊಸ ಹಣ್ಣಿನಲ್ಲಿ ನಿಂಬೆಗಾತ್ರ ತೆಗೆದು ನೀರಿಗೆ ಹಾಕಿದೆ. ಅದು ನೆನೆಯುವಷ್ಟರಲ್ಲಿ ತೊಗರಿಬೇಳೆ ತೊಳೆದು ಒಲೆಗಿಟ್ಟೆ.